ಲಾಂಡ್ರಿಯ ಹೆಸರಿನ ಕರೆಗಳು

“ಈ ನಂಬರು ಯಾರದ್ದು, ಅದನ್ನ ಮೊದಲು ಹೇಳಿ.”

ಲಾಂಡ್ರಿಯ ಯಜಮಾನಿ ಬಿಲ್ಲನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಸಮುದ್ರದಾಚೆಯ ನಂಬರು. ಅದರ ಕೆಳಗೆ ಮತ್ತೆ ಅದೇ, ಅದರ ಕೆಳಗೂ ಅದೇ. ಎಲ್ಲವೂ ಮಧ್ಯಾಹ್ನದ ಕರೆಗಳು. ಒಂದೊಂದೂ ಗಂಟೆಗಟ್ಟಲೆ ನಡೆದಿದ್ದವು. ನಿಮಿಷಕ್ಕಿಷ್ಟು ಎಂದು ಚರ್ಮ ಸುಲಿಯುವ ಜಾತಿಯ ನಂಬರು ಅದು.

“ನಾವು ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟು ಒಗೆಯೋರು. ಬೆಡ್‌ಶೀಟಿನ ವಿಷಯ ಅಷ್ಟು ಹೊತ್ತು ಮಾತಾಡೋಕೆ ಏನಿರುತ್ತೆ?”

ಮಾತು ನ್ಯಾಯವಾಗಿಯೇ ಇತ್ತು. ಬಿಲ್ಲು ಕಳಿಸಿದ್ದು ಇಂಟರ್‌ನೆಟ್ಟಿನ ಮೂಲಕ ಫೋನು ಕೊಡುವ ಒಂದು ಸಣ್ಣ ಕಂಪನಿ. ಅಲ್ಲಿ ದೂರು ವಿಭಾಗ ಎಂದರೆ ಕಿಟಕಿ ಪಕ್ಕದ ಒಂದು ಮೇಜು, ಒಬ್ಬಳು ಹೆಂಗಸು, ಅಷ್ಟೇ. ನಡುವೆ ಕಡಿದುಹೋದ ಕರೆಯಿರಲಿ, ದಾರಿ ತಪ್ಪಿದ ಬಿಲ್ಲಿರಲಿ, ಬೇರು ಸಿಗುವ ತನಕ ಅವಳು ಅಗೆಯುತ್ತಿದ್ದಳು. ಅದಕ್ಕೇ ಕಚೇರಿಯವರು ಪತ್ತೇದಾರಮ್ಮ ಎಂದು ಕಿಚಾಯಿಸುತ್ತಿದ್ದರು. ಕಿಚಾಯಿಸಿ ಕಿಚಾಯಿಸಿ ಅದೇ ಹೆಸರಾಗಿ ನಿಂತಿತು. ಅವಳಿಗೂ ಒಳಗೊಳಗೆ ಖುಷಿಯೇ. ಖುಷಿಯೇನು, ಸ್ವಲ್ಪ ಜಂಬವೇ ಇತ್ತು ಅನ್ನಿ. ಅವತ್ತು ಬಾಯಿ ಬಿಟ್ಟದ್ದೂ ಆ ಜಂಬವೇ.

“ನೋಡಿಮ್ಮ, ಪ್ರತಿ ಕರೆಯೂ ನಮ್ಮ ಪ್ರಾಕ್ಸಿ ದಾಟಿಯೇ ಹೋಗಬೇಕು. ಪ್ರಾಕ್ಸಿ ಅಂದ್ರೆ ಬಾಗಿಲಲ್ಲಿ ನಿಂತಿರೋ ಕಾವಲುಗಾರ ಅಂದ್ಕೊಳ್ಳಿ. ಪಾಸ್‌ವರ್ಡ್ ಹೇಳದೆ ಒಂದು ನೊಣವನ್ನೂ ಒಳಗೆ ಬಿಡಲ್ಲ. ಅಂದಮೇಲೆ ಕಳ್ಳರು ನಿಮ್ಮೊಳಗೇ ಇದ್ದಾರೆ. ಸಮುದ್ರದಾಚೆ ಸಂಬಂಧ ಇರೋರು ಯಾರಾದರೂ ಇದ್ದಾರಾ, ನೆನಪು ಮಾಡ್ಕೊಳ್ಳಿ.”

ಯಜಮಾನಿಯ ಮುಖ ಬದಲಾಯಿತು. ಒಬ್ಬಳಿದ್ದಳು. ಫೋನಿನಲ್ಲಿ ಆರ್ಡರು ತೆಗೆದುಕೊಳ್ಳುವ ಹುಡುಗಿ. ಅವಳ ಗಂಡ ಹಡಗಿನಲ್ಲಿ ಕೆಲಸಕ್ಕಿದ್ದ.

ಪಕ್ಕದ ಕೋಣೆಯ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕಂಪನಿಯ ಹಿರಿಯ ಎಂಜಿನಿಯರು. ಮನೆಮನೆಗೆ ತಂತಿ ಎಳೆದು ಫೋನು ಕೊಡುತ್ತಿದ್ದ ಕಾಲದಿಂದ ಈ ಕಸುಬಿನಲ್ಲಿದ್ದವರು. ಇಲ್ಲಿನ ಪ್ರಾಕ್ಸಿಯನ್ನೂ ಬಿಲ್ಲಿನ ಲೆಕ್ಕವನ್ನೂ ಕಟ್ಟಿ ನಿಲ್ಲಿಸಿದವರು ಅವರೇ. ಯಾರು ಏನು ಕೇಳಿದರೂ ಥಟ್ಟನೆ ಉತ್ತರ ಕೊಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಒಂದು ಗಳಿಗೆ ಸುಮ್ಮನಿದ್ದು, “ನಾಳೆ ಹೇಳ್ತೀನಿ” ಎನ್ನುತ್ತಿದ್ದರು. ಮರುದಿನ ಹೇಳಿದರೆ ಅದಕ್ಕೆ ಎರಡು ಮಾತಿಲ್ಲ. ದೊಡ್ಡವರ ಗತ್ತು ಅಂದರೆ ಅದು ಎಂದು ಎಲ್ಲರೂ ತಲೆದೂಗುತ್ತಿದ್ದರು.

ಆ ಮೇಷ್ಟ್ರು ಈಗ ಯಾರೂ ಕೇಳದೆಯೇ ಮಾತಾಡಿದರು. ಹಳೇ ಗಿರಾಕಿ, ಬಿಲ್ಲನ್ನು ಕಂಪನಿಯೇ ಮನ್ನಾ ಮಾಡಿಬಿಡಲಿ, ತನಿಖೆ ಗಿನಿಖೆ ಎಲ್ಲ ಯಾಕೆ ಎಂದರು. ಎಷ್ಟು ದೊಡ್ಡ ಮನಸ್ಸು ಎಂದುಕೊಂಡಳು ಪತ್ತೇದಾರಮ್ಮ. ಯಜಮಾನಿ ಒಪ್ಪಲಿಲ್ಲ.

“ದುಡ್ಡಿನ ಮಾತು ಆಮೇಲೆ ಸಾರ್. ಕಳ್ಳರನ್ನ ಪಕ್ಕದಲ್ಲಿಟ್ಕೊಂಡು ನಾನು ವ್ಯಾಪಾರ ಹೇಗೆ ಮಾಡ್ಲಿ?”

ಯಜಮಾನಿ ಹೋದ ಮೇಲೆ ಪತ್ತೇದಾರಮ್ಮ ಲಾಂಡ್ರಿಯ ಪಾಸ್‌ವರ್ಡನ್ನು ತನ್ನ ಮೇಜಿನಿಂದಲೇ ಬದಲಾಯಿಸಿದಳು. ಹೊಸದನ್ನು ಯಾರಿಗೂ ಹೇಳಲಿಲ್ಲ; ಲಾಂಡ್ರಿಗೆ ಕರೆ ಬರಬಹುದು, ಅಲ್ಲಿಂದ ಹೋಗುವಂತಿಲ್ಲ. ಅಲ್ಲಿಗೆ ಕೇಸು ಮುಗಿಯಿತು ಎಂದುಕೊಂಡು ಊಟಕ್ಕೆ ಹೋದಳು.

*

ಮುಂದಿನ ವಾರ ಅದೇ ನಂಬರಿಗೆ ಮತ್ತೊಂದು ಕರೆ ಹೋಗಿತ್ತು. ಲಾಂಡ್ರಿಯ ಹೆಸರಿನಲ್ಲೇ.

ಪತ್ತೇದಾರಮ್ಮ ತೆರೆಯನ್ನು ದಿಟ್ಟಿಸಿದಳು. ಹೊಸ ಪಾಸ್‌ವರ್ಡ್ ಗೊತ್ತಿದ್ದದ್ದು ಅವಳೊಬ್ಬಳಿಗೆ. ಲೆಕ್ಕದ ಪ್ರಕಾರ ಕಳ್ಳಿ ಅವಳೇ ಆಗಬೇಕಿತ್ತು. ಬ್ಯಾಗು ಎತ್ತಿಕೊಂಡು ಲಾಂಡ್ರಿಗೆ ಹೊರಟಳು.

ಲಾಂಡ್ರಿ ಎಂದರೆ ಹಬೆ, ಸೋಪಿನ ವಾಸನೆ, ಕಿವಿ ಕಿವುಡಾಗುವ ಯಂತ್ರದ ಸದ್ದು. ಅವತ್ತು ಅದೊಂದೂ ಇರಲಿಲ್ಲ. ಬಾಯ್ಲರು ಕೆಟ್ಟು ಹಿಂದಿನ ದಿನವೇ ಕರೆಂಟು ತೆಗೆಸಿದ್ದರಂತೆ. ಒದ್ದೆ ಬೆಡ್‌ಶೀಟುಗಳು ತಳ್ಳುಗಾಡಿಗಳಲ್ಲಿ ಗುಡ್ಡೆ ಬಿದ್ದಿದ್ದವು. ಕೆಲಸದವರು ಕೈ ಕಟ್ಟಿ ಕೂತಿದ್ದರು.

“ಫೋನು?”

“ನೀರು ಬೀಳುತ್ತೆ ಅಂತ ಬಿಚ್ಚಿ ನನ್ನ ಬೀರುವಿನಲ್ಲಿ ಇಟ್ಟಿದ್ದೀನಿ. ನಿನ್ನೆ ಬೆಳಿಗ್ಗೆಯೇ.”

ಕರೆ ಹೋಗಿದ್ದು ನಿನ್ನೆ ಮಧ್ಯಾಹ್ನ. ಬೀರುವಿನೊಳಗೆ ಮಲಗಿದ್ದ ಫೋನು ಸಮುದ್ರ ದಾಟಿ ಮಾತಾಡಿತ್ತು! ಪತ್ತೇದಾರಮ್ಮನಿಗೆ ಒಂದು ವಿಷಯ ಖಚಿತವಾಯಿತು. ಈ ಕರೆಗಳು ಲಾಂಡ್ರಿಯಿಂದ ಹೋಗುತ್ತಲೇ ಇಲ್ಲ.

ಆರ್ಡರು ತೆಗೆದುಕೊಳ್ಳುವ ಹುಡುಗಿಯನ್ನು ಕರೆಯಿರಿ, ಒಳ್ಳೆಯ ಸುದ್ದಿಯಿದೆ ಎಂದಳು. ಯಜಮಾನಿ ಬೇರೆ ಕಡೆ ನೋಡಿದರು.

ಹುಡುಗಿ ಇರಲಿಲ್ಲ. ಅವಳನ್ನು ಅಲ್ಲಿ ಎಲ್ಲರೂ ಸೊಸೆ ಎಂದೇ ಕರೆಯುತ್ತಿದ್ದರು. ಏಕೆಂದರೆ ಅವಳ ಅತ್ತೆ ಅಲ್ಲೇ ಇಸ್ತ್ರಿ ಮೇಜಿನ ಹಳೇ ಕೆಲಸದವರು, ಊರಿಗೆಲ್ಲ ಅತ್ತೆ. ಬಿಲ್ಲು ಹಿಡಿದು ಕಂಪನಿಗೆ ಹೋಗಿ ಬಂದ ದಿನವೇ ಯಜಮಾನಿ ಎಲ್ಲರೆದುರು ಸೊಸೆಯನ್ನು ನಿಲ್ಲಿಸಿ ಕೇಳಿದ್ದರು. ಕಂಪನಿಯವರೇ ಹೇಳಿದ್ದಾರೆ, ಪಾಸ್‌ವರ್ಡ್ ಇಲ್ಲದೆ ಕರೆ ಹೋಗೋದಿಲ್ಲವಂತೆ ಎಂದಿದ್ದರು. ಮೊದಲು ಅದು ಕಳ್ಳತನದ ಮಾತಾಗಿಯೇ ಇತ್ತು. ಸಂಜೆಯ ಹೊತ್ತಿಗೆ ಬಣ್ಣ ಬದಲಾಯಿತು. ಗಂಡ ಇರುವುದು ಹಡಗಿನಲ್ಲಿ, ನಂಬರು ಹಡಗಿನದಲ್ಲ. ಹಾಗಾದರೆ ಗಂಟೆಗಟ್ಟಲೆ ಮಾತಾಡಿದ್ದು ಯಾರ ಜೊತೆ? ಊರ ಬಾಯಿಗೆ ಬೀಗವುಂಟೇ? ನಾನಲ್ಲ ಎಂದ ಸೊಸೆಯ ಮಾತು ನಂಬದೆ, ಅತ್ತೆ ಮನೆಗೆ ಹೋಗಿ ಅವಳ ಬಟ್ಟೆಗಳನ್ನು ಮಡಿಸಿ, ಒಂದು ಚೀಲಕ್ಕೆ ತುಂಬಿ, ಹೊಸ್ತಿಲ ಹೊರಗಿಟ್ಟಿದ್ದರು.

ಪತ್ತೇದಾರಮ್ಮ ಹಜಾರದ ಆ ತುದಿಗೆ ನೋಡಿದಳು. ಅತ್ತೆ ತಣ್ಣಗಿನ ಇಸ್ತ್ರಿಯ ಮುಂದೆ ತಲೆ ಬಗ್ಗಿಸಿ ಕೂತಿದ್ದರು. ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು ಇವಳಿಗೆ. ಸಮುದ್ರದಾಚೆ ಸಂಬಂಧ ಇರೋರು ಯಾರು ಎಂದು ಕೇಳಿದ್ದು ತಾನು. ಕೇಳಿ, ಊಟಕ್ಕೆ ಹೋಗಿದ್ದಳು.

*

ಸೊಸೆ ಅಕ್ಕನ ಮನೆಯಲ್ಲಿದ್ದಳು. ಮೂರು ಮಹಡಿ ಹತ್ತಿದ ಮೇಲೆ ಒಂದೇ ಕೋಣೆ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆ. ಅತ್ತೆ ತುಂಬಿಕೊಟ್ಟ ಚೀಲ ಇನ್ನೂ ಬಿಚ್ಚದೆ ಬಾಗಿಲ ಹಿಂದೆಯೇ ಇತ್ತು.

ಪತ್ತೇದಾರಮ್ಮ ತಾನು ಯಾರೆಂದು ಹೇಳಿದಳು. ಕರೆಗಳು ಲಾಂಡ್ರಿಯಿಂದ ಹೋಗಿಲ್ಲ, ಅಷ್ಟು ಗೊತ್ತಾಗಿದೆ ಎಂದಳು. ಸೊಸೆಯ ಮುಖ ಅರಳಲಿಲ್ಲ. ಯಾರು ಮಾಡಿದ್ದು ಎಂದು ಕೇಳಿದಳು. ಅದು ಇನ್ನೂ ತಿಳಿದಿಲ್ಲ ಎಂದಳು ಪತ್ತೇದಾರಮ್ಮ.

“ಹಾಗಾದ್ರೆ ಏನೂ ಬದಲಾಗಲ್ಲ ಅಕ್ಕಾ. ಗಂಡನಿಗೆ ಫೋನ್ ಮಾಡಿ ನಾನು ಹಾಗೆ ಮಾಡಿಲ್ಲ ಅಂತ ಹೇಳೋಣ ಅಂದ್ರೆ, ಏನು ಮಾಡಿಲ್ಲ ಅಂತ ಹೇಳೋದು? ಬಾಯಿಗೆ ಬರಲ್ಲ. ಹೇಳೋಕೇ ನಾಚಿಕೆಯಾಗುತ್ತೆ.”

“ಕಂಪನಿಯಿಂದ ಕಾಗದ ಬರೆಸಿಕೊಡ್ತೀನಿ. ಮಿಷನ್ ತಪ್ಪು ಅಂತ.”

“ಮಿಷನ್ ತಪ್ಪು ಅಂದ್ರೆ ಯಾರು ನಂಬ್ತಾರೆ? ದುಡ್ಡು ಕೊಟ್ಟು ಬರೆಸಿಕೊಂಡು ಬಂದಳು ಅಂತಾರೆ.”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಇವಳಿಗೆ ಮಾನ ತಿರುಗಿ ಬರಬೇಕಾದರೆ ಕಳ್ಳನಿಗೆ ಒಂದು ಮುಖ ಬೇಕಿತ್ತು. ಪತ್ತೇದಾರಮ್ಮ ಮೆಟ್ಟಿಲು ಇಳಿಯುವಾಗ ಆ ಮುಖ ಹುಡುಕದೆ ಬಿಡೋದಿಲ್ಲ ಎಂದುಕೊಂಡಳು. ಈ ಸಲ ಜಂಬದಿಂದಲ್ಲ.

*

ಕಚೇರಿಗೆ ಬಂದವಳೇ ಪ್ರಾಕ್ಸಿಯ ದಾಖಲೆ ತೆರೆದಳು. ಇಲ್ಲಿಯವರೆಗೆ ನೋಡಿದ್ದು ಬಿಲ್ಲನ್ನು. ಬಿಲ್ಲು ಹೇಳುವುದು ಕರೆ ಯಾರ ಹೆಸರಿನಲ್ಲಿ ಹೋಯಿತು ಎಂದು. ಬಾಗಿಲಲ್ಲಿ ಪಾಸ್‌ವರ್ಡ್ ಕೊಟ್ಟವರು ಯಾರು ಎಂದು ಯಾರೂ ನೋಡಿರಲಿಲ್ಲ. ನೋಡುವ ಅಗತ್ಯವೇನು, ಎರಡೂ ಒಂದೇ ಅಲ್ಲವೇ?

ಒಂದೇ ಆಗಿರಲಿಲ್ಲ. ಪ್ರತಿ ಕರೆಯಲ್ಲೂ ಎರಡು ಹೆಸರಿರುತ್ತವೆ. ಒಂದು, ಪಾಸ್‌ವರ್ಡ್ ಕೊಟ್ಟು ಒಳಗೆ ಬಂದ ಖಾತೆಯದು. ಇನ್ನೊಂದು, ‘ಕರೆ ಮಾಡುತ್ತಿರುವವನು ನಾನು’ ಎಂದು ಫೋನು ತಾನೇ ಹೇಳಿಕೊಳ್ಳುವ ಹೆಸರು. ಕಾವಲುಗಾರ ಪರೀಕ್ಷಿಸುತ್ತಿದ್ದದ್ದು ಮೊದಲನೆಯದನ್ನು. ಬಿಲ್ಲು ಬರೆಯುತ್ತಿದ್ದದ್ದು ಎರಡನೆಯದರ ಮೇಲೆ. ಎರಡೂ ಹೊಂದುತ್ತವೆಯೇ ಎಂದು ನೋಡುವವರು ನಡುವೆ ಯಾರೂ ಇರಲಿಲ್ಲ. ಒಳಗೆ ಬರುವಾಗ ನಿಮ್ಮ ಚೀಟಿ ತೋರಿಸಿ, ಹೋಗುವಾಗ ಪಕ್ಕದ ಮನೆಯವರ ಹೆಸರು ಹೇಳಿದರೆ ಸಾಕು, ಬಿಲ್ಲು ಪಕ್ಕದ ಮನೆಗೆ ಹೋಗುತ್ತಿತ್ತು.

ಲಾಂಡ್ರಿಯ ಹೆಸರಿನ ಕರೆಗಳಿಗೆ ಪಾಸ್‌ವರ್ಡ್ ಕೊಟ್ಟಿದ್ದ ಖಾತೆ ಕಂಪನಿಯದೇ. ಹೊಸ ಫೋನುಗಳನ್ನು ಪರೀಕ್ಷಿಸಲು ಇಟ್ಟುಕೊಂಡ ಖಾತೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

*

ಕಂಪನಿಯ ಮಾಲೀಕ, ಇನ್ನೂ ಮೀಸೆ ಸರಿಯಾಗಿ ಬಲಿಯದ ಯುವಕ, ತಕ್ಷಣ ಒಂದು ಹೆಸರು ಹೇಳಿದ. ಇಕ್ಕಳ. ಗಿರಾಕಿಗಳ ಮನೆಗೆ ಹೋಗಿ ಫೋನು ಕೂರಿಸುತ್ತಿದ್ದ ಈ ಮನುಷ್ಯನ ಜೇಬಿನಲ್ಲಿ ಯಾವಾಗಲೂ ಇಕ್ಕಳ ಇರುತ್ತಿತ್ತು. ಸಂಬಳದ ಜಗಳದಲ್ಲಿ ಕೆಲಸ ಬಿಟ್ಟು ಹೋದವನು. ಪರೀಕ್ಷೆ ಖಾತೆಯ ಪಾಸ್‌ವರ್ಡ್ ಅವನಿಗೆ ಗೊತ್ತಿತ್ತು. ಸಿಟ್ಟೂ ಇತ್ತು. ಇನ್ನೇನು ಬೇಕು?

ಇಕ್ಕಳ ಈಗ ಒಂದು ಸೇತುವೆಯ ಕೆಳಗೆ ಹಳೇ ಫ್ಯಾನು ರಿಪೇರಿ ಮಾಡುತ್ತಿದ್ದ. ಪತ್ತೇದಾರಮ್ಮ ಈ ಬಾರಿ ಮೊದಲೇ ತೀರ್ಪು ಕೊಡಲಿಲ್ಲ. ನಡೆದದ್ದನ್ನು ಹೇಳಿ, ನಿನಗೇನನ್ನಿಸುತ್ತೆ ಎಂದು ಕೇಳಿದಳು. ಅವನು ಫ್ಯಾನಿನ ರೆಕ್ಕೆ ಒರೆಸುತ್ತಲೇ ನಕ್ಕ.

“ನನ್ನ ಮೇಲೆ ಹಾಕೋಕೆ ಬಂದ್ರಾ? ಆ ಖಾತೆ ಕಚೇರಿಯ ನೆಟ್ಟಿನಿಂದ ಮಾತ್ರ ಕೆಲಸ ಮಾಡುತ್ತೆ ಮೇಡಂ. ಗೋಡೆ ಆಚೆ ನಿಂತು ಎಷ್ಟು ಬಡಿದರೂ ಬಾಗಿಲು ತೆಗೆಯಲ್ಲ. ಬೇಕಾದ್ರೆ ಇಲ್ಲೇ ನೋಡಿ.”

ಅವಳು ತನ್ನ ಮೊಬೈಲಿನಿಂದಲೇ ಪರೀಕ್ಷಿಸಿದಳು. ಬಾಗಿಲು ತೆಗೆಯಲಿಲ್ಲ. ಕಳ್ಳ ಕಚೇರಿಯೊಳಗೇ ಇದ್ದ. ದಿನವೂ ಒಟ್ಟಿಗೆ ಕೂತು ಉಣ್ಣುವವರು ಅವರೆಲ್ಲ.

*

ಅವಳು ಮೊದಲೇ ಮಾಡಬೇಕಿದ್ದ ಒಂದು ಕೆಲಸ ಉಳಿದಿತ್ತು. ಆ ನಂಬರಿಗೆ ತಾನೇ ಫೋನ್ ಮಾಡಿದಳು.

ಪ್ರೇಮದ ಮಾತು ಕೇಳಲಿಲ್ಲ, ಜೂಜಿನ ಕರೆಯೂ ಅಲ್ಲ. ಒಂದು ಹೆಂಗಸಿನ ದನಿ ವಿನಯದಿಂದ ವಿವರಿಸಿತು. ಇದು ಫೋನ್ ಎಂಜಿನಿಯರುಗಳಿಗೆ ಸಲಹೆ ಕೊಡುವ ಸಂಸ್ಥೆ. ಪ್ರಾಕ್ಸಿ ಕಟ್ಟುವುದು, ಬಿಲ್ಲಿನ ಲೆಕ್ಕ ಕೂರಿಸುವುದು, ಏನೇ ತೊಡಕಿದ್ದರೂ ತಜ್ಞರು ಬಿಡಿಸಿ ಹೇಳುತ್ತಾರೆ. ಶುಲ್ಕ ನಿಮಿಷದ ಮೇಲೆ. ನೀವು ಹೊಸಬರೋ, ಅಥವಾ ನಿಲ್ಲಿಸಿದ ಪಾಠ ಮುಂದುವರಿಸಬೇಕೋ?

ಪತ್ತೇದಾರಮ್ಮ ಫೋನ್ ಇಟ್ಟಳು.

ಪಾಠ. ಈ ಕೆಲಸ ಬಾರದ ಯಾರೋ ಕದ್ದು ಕಲಿಯುತ್ತಿದ್ದಾರೆ. ಆದರೆ ಬಾರದವರು ಕಚೇರಿಯಲ್ಲಿ ಕದಿಯುವ ಅಗತ್ಯವೇ ಇರಲಿಲ್ಲ. ದಿನವಿಡೀ ಒಬ್ಬರನ್ನೊಬ್ಬರು ಕೇಳುತ್ತಲೇ ಇರುತ್ತಿದ್ದರು. ಮಾಲೀಕನಂತೂ ಮೂರು ಹೊತ್ತೂ ಕೇಳುತ್ತಿದ್ದ, ನಾಚಿಕೆಯೇ ಇರಲಿಲ್ಲ ಅವನಿಗೆ. ಯಾರನ್ನೂ ಏನನ್ನೂ ಕೇಳದವರು ಒಬ್ಬರೇ. ಎಲ್ಲರೂ ಹೋಗಿ ಕೇಳುತ್ತಿದ್ದದ್ದು ಅವರನ್ನೇ.

ಇಲ್ಲ, ಹಾಗಿರಲಾರದು ಎಂದುಕೊಂಡಳು. ಹಾಗಿರಬಾರದು ಎಂದು ಬೇಡಿಕೊಂಡಳು ಅಂದರೂ ಸರಿಯೇ. ಮರುದಿನ ಬೆಳಿಗ್ಗೆ ಉತ್ತರ ಗೊತ್ತಿದ್ದೇ ಒಂದು ಪ್ರಶ್ನೆ ಹಿಡಿದು ಕಚೇರಿಯಲ್ಲೆಲ್ಲ ತಿರುಗಿದಳು. ಮಾತಿನ ನಡುವೆ ಒಂದು ಕಡೆಯ ನೆಟ್ಟು ಸತ್ತುಹೋದರೆ, ಕರೆ ಮುಗಿಯಿತು ಎಂದು ಪ್ರಾಕ್ಸಿಗೆ ತಿಳಿಯುವುದು ಹೇಗೆ? ಬಿಲ್ಲು ಓಡುತ್ತಲೇ ಇರುವುದಿಲ್ಲವೇ? ಒಬ್ಬ ತಲೆ ಕೆರೆದುಕೊಂಡ. ಒಬ್ಬ ತಪ್ಪು ಹೇಳಿದ. ಮಾಲೀಕ ನನ್ನನ್ನ ಕೇಳ್ತೀಯಲ್ಲ ಎಂದ. ಮೇಷ್ಟ್ರು ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನಿದ್ದರು.

“ನಾಳೆ ಹೇಳ್ತೀನಿ.”

*

ಊಟದ ನಂತರ ಎಲ್ಲರೂ ಟೀ ಕುಡಿಯಲು ಹೊರಗೆ ಹೋದರು. ಪತ್ತೇದಾರಮ್ಮ ಪ್ರಾಕ್ಸಿಯ ತೆರೆಯ ಮುಂದೆ ಕೂತಿದ್ದಳು. ಸ್ವಲ್ಪ ಹೊತ್ತಿನಲ್ಲಿ ಒಂದು ಸಾಲು ಮೂಡಿತು. ಹೆಸರು ಲಾಂಡ್ರಿಯದು. ಪಾಸ್‌ವರ್ಡ್ ಪರೀಕ್ಷೆ ಖಾತೆಯದು. ನಂಬರು ಅದೇ. ಕರೆ ನಡೆಯುತ್ತಿರುವಾಗ ಮಾತ್ರ ತೆರೆ ತೋರಿಸುವ ಇನ್ನೊಂದು ವಿವರವೂ ಇತ್ತು: ಫೋನು ಪಕ್ಕದ ಕೋಣೆಯದು.

ಅವಳು ಎದ್ದು ಹೋದಳು. ಬಾಗಿಲು ಅರ್ಧ ತೆರೆದಿತ್ತು. ಮೇಷ್ಟ್ರು ಅತ್ತ ಮುಖ ಮಾಡಿ ಕೂತಿದ್ದರು. ಕಿವಿಗೆ ಫೋನು, ಕೈಯಲ್ಲಿ ಪೆನ್ಸಿಲ್ಲು. ಬೆನ್ನು ಬಾಗಿಸಿ ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದರು.

“ಸ್ವಲ್ಪ ನಿಧಾನವಾಗಿ ಹೇಳಿ ಸಾರ್,” ಎನ್ನುತ್ತಿದ್ದರು. “ನನಗೆ ಅದು ತಿಳೀಲಿಲ್ಲ, ಇನ್ನೊಂದು ಸಲ ಹೇಳಿ.”

ಆ ದನಿಯನ್ನು ಅವಳು ಎಂದೂ ಕೇಳಿರಲಿಲ್ಲ. ಹಿಂದಿನ ಬೆಂಚಿನ ಹುಡುಗನ ದನಿ ಅದು. ಕೇಳಬಾರದ್ದನ್ನು ಕೇಳಿದಂತೆ ಅವಳ ಮುಖ ಬಿಸಿಯಾಯಿತು. ತಿರುಗಿ ಹೋಗಿಬಿಡೋಣ ಅನ್ನಿಸಿತು. ಸೊಸೆಯ ಚೀಲ ಬಾಗಿಲ ಹಿಂದೆ ಬಿಚ್ಚದೆ ಬಿದ್ದಿತ್ತಲ್ಲ, ಅದು ನೆನಪಾಗಿ ನಿಂತಳು.

ಮೇಷ್ಟ್ರು ತಿರುಗಿದರು. ಫೋನು ಮೆಲ್ಲಗೆ ಕೆಳಗಿಟ್ಟರು.

“ಬಾಗಿಲು ಹಾಕಮ್ಮ,” ಎಂದರು.

ಅವರು ಏನನ್ನೂ ಮುಚ್ಚಿಡಲಿಲ್ಲ. ತಂತಿಯ ಕಾಲದಲ್ಲಿ ಅವರಿಗೆ ಸಮನಾದವರು ಇರಲಿಲ್ಲ. ಆಗ ಯಾರ ಮನೆಗೆ ತಂತಿ ಎಳೆದಿದೆಯೋ ಕರೆ ಅವರದ್ದೇ. ತಂತಿ ಸುಳ್ಳು ಹೇಳುವುದಿಲ್ಲ. ಇಂಟರ್‌ನೆಟ್ಟಿನ ಫೋನು ಬಂದಾಗಲೂ ಆ ನಂಬಿಕೆಯ ಮೇಲೆಯೇ ಬಿಲ್ಲಿನ ಲೆಕ್ಕ ಕಟ್ಟಿದರು. ಫೋನು ಯಾವ ಹೆಸರು ಹೇಳುತ್ತದೋ ಅದೇ ನಿಜ ಎಂದುಕೊಂಡರು. ಹೆಸರು ಹೇಳಿಕೊಳ್ಳುವುದಕ್ಕೂ ಹೆಸರನ್ನು ರುಜುವಾತು ಮಾಡುವುದಕ್ಕೂ ವ್ಯತ್ಯಾಸವಿದೆ ಎಂದು ಅವರಿಗೆ ಹೊಳೆಯಲೇ ಇಲ್ಲ. ಹೊಸ ವಿದ್ಯೆ ತಲೆಗೆ ಹತ್ತುತ್ತಿರಲಿಲ್ಲ. ಹುಡುಗರು ಪ್ರಶ್ನೆ ತರುತ್ತಲೇ ಇದ್ದರು. ಅದಕ್ಕೇ ಆ ನಂಬರು ಹಿಡಿದರು.

ಲಾಂಡ್ರಿಯ ಹೆಸರು ಬಂದಿದ್ದು ಬೇಕೆಂದಲ್ಲ. ರಿಪೇರಿಗೆ ಬಂದಿದ್ದ ಲಾಂಡ್ರಿಯ ಫೋನಿನ ಸೆಟ್ಟಿಂಗನ್ನು ತಮ್ಮ ಫೋನಿಗೆ ಇಡಿಯಾಗಿ ನಕಲು ಮಾಡಿ, ಪಾಸ್‌ವರ್ಡಿನ ಜಾಗದಲ್ಲಿ ಪರೀಕ್ಷೆ ಖಾತೆಯದನ್ನು ಹಾಕಿದ್ದರು. ಹೆಸರು ಹಾಗೆಯೇ ಉಳಿದಿತ್ತು.

“ಆಫೀಸಿನ ಬಿಲ್ಲಿನಲ್ಲಿ ಆ ಕರೆ ಬರ್ಲಿಲ್ಲ,” ಎಂದರು. “ಎಲ್ಲೋ ಬೇರೆ ಕಡೆ ಹೋಗ್ತಿದೆ ಅಂತ ಗೊತ್ತಾಯ್ತು. ಎಲ್ಲಿಗೆ ಅಂತ ನಾನು ನೋಡ್ಲಿಲ್ಲ. ನೋಡಬೇಕು ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳ್ಲಿ.”

ಯಜಮಾನಿ ಬಿಲ್ಲು ತಂದ ದಿನ ಎಲ್ಲವೂ ತಿಳಿಯಿತು. ಅವತ್ತೇ ಫೋನಿನಿಂದ ಲಾಂಡ್ರಿಯ ಹೆಸರು ಅಳಿಸಿದರು. ಅಳಿಸಿದ್ದು ತಪ್ಪು ಜಾಗದಲ್ಲಿ. ತೆರೆಯ ಮೇಲೆ ಕಾಣುವ ಹೆಸರು ಹೋಯಿತು, ಒಳಗಿನದು ಉಳಿಯಿತು. ನಂತರ ಮತ್ತೊಮ್ಮೆ ಫೋನ್ ಮಾಡಿದ್ದು ಈ ತೂತನ್ನು ಮುಚ್ಚುವುದು ಹೇಗೆ ಎಂದು ಕೇಳಲು. ಆ ಕರೆಯೇ ಲಾಂಡ್ರಿಯ ಫೋನು ಬೀರುವಿನಲ್ಲಿದ್ದಾಗ ಹೋಗಿತ್ತು.

“ಆ ಹುಡುಗೀನ ಮನೆಯಿಂದ ಕಳಿಸಿಬಿಟ್ಟರು ಸಾರ್. ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ ಸುಮ್ಮನಿದ್ರಾ?”

ಅವರು ಪೆನ್ಸಿಲ್ಲನ್ನು ಹಾಳೆಯ ಮೇಲೆ ಉರುಳಿಸಿದರು.

“ನಮ್ಮನ್ನೇ ಕೇಳಬಹುದಿತ್ತಲ್ಲ ಸಾರ್. ಒಂದು ಮಾತು.”

“ಒಂದು ಸಲ ಕೇಳಿದ್ದೆ. ಮೀಟಿಂಗಿನಲ್ಲಿ. ಮೇಷ್ಟ್ರು ತಮಾಷೆ ಮಾಡ್ತಿದ್ದಾರೆ ಅಂತ ನಕ್ಕಿರಿ. ಎಲ್ಲರೂ. ನೀನೂ. ನಾನೂ ನಕ್ಕುಬಿಟ್ಟೆ.”

ಪತ್ತೇದಾರಮ್ಮನಿಗೆ ಅದು ನೆನಪೇ ಇರಲಿಲ್ಲ. ನೆನಪಿಲ್ಲ ಎಂಬುದೇ ಅವಳಿಗೆ ಹೆಚ್ಚು ನಾಚಿಕೆ ತಂದಿತು.

*

ಮಾಲೀಕ ವಿಷಯ ಕೇಳಿ ಬಾಗಿಲು ಹಾಕಿಕೊಂಡ. ಬಿಲ್ಲು ರದ್ದು ಮಾಡೋಣ, ಮೇಲೊಂದಿಷ್ಟು ಪರಿಹಾರ ಕೊಡೋಣ, ಯಂತ್ರದ ದೋಷ ಎಂದು ಕಾಗದ ಬರೆಯೋಣ, ಮೇಷ್ಟ್ರ ಹೆಸರು ಬೇಡ ಎಂದ. ನಮ್ಮ ಬಾಗಿಲಿನಲ್ಲಿ ಇಂಥ ತೂತಿತ್ತು ಎಂದು ತಿಳಿದರೆ ಒಬ್ಬ ಗಿರಾಕಿಯೂ ಉಳಿಯುವುದಿಲ್ಲ ಎಂದು ಗೋಗರೆದ. ತೂತು ಮುಚ್ಚುವುದು ಸುಲಭ, ಪಾಸ್‌ವರ್ಡ್ ಕೊಟ್ಟ ಖಾತೆಗೇ ಬಿಲ್ಲು ಹಾಕಿದರಾಯಿತು, ಅದನ್ನು ಆಗಲೇ ಸರಿಮಾಡಿದ್ದೇನೆ ಎಂದಳು ಪತ್ತೇದಾರಮ್ಮ. ಆದರೆ ಯಂತ್ರದ ಮೇಲೆ ಹಾಕ್ತೀವಿ ಅಂದ್ರೆ ಆ ಹುಡುಗಿಯ ಮೇಲಿನ ಮಾತು ತೊಳೆದುಹೋಗಲ್ಲ ಎಂದಳು. ಮಾಲೀಕ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

ಲಾಂಡ್ರಿಯ ಬಾಯ್ಲರು ಸರಿಹೋಗಿತ್ತು. ಹಬೆ ಏಳುತ್ತಿತ್ತು. ಯಜಮಾನಿ ಯಂತ್ರಗಳನ್ನು ನಿಲ್ಲಿಸಿ ಎಲ್ಲರನ್ನೂ ಕರೆದರು. ಪತ್ತೇದಾರಮ್ಮ ಹೇಳಿಕಳಿಸಿದ್ದರಿಂದ ಸೊಸೆಯೂ ಬಂದಿದ್ದಳು. ತಾನು ಕೂರುತ್ತಿದ್ದ ಕುರ್ಚಿಯ ಹತ್ತಿರ ಬರದೆ, ಬಾಗಿಲ ಪಕ್ಕ ನಿಂತಿದ್ದಳು.

ಪತ್ತೇದಾರಮ್ಮ ತನ್ನ ತಪ್ಪಿನಿಂದಲೇ ಶುರು ಮಾಡಿದಳು. ಕಳ್ಳರು ನಿಮ್ಮೊಳಗೇ ಇದ್ದಾರೆ ಎಂದದ್ದು ನಾನು, ನೋಡದೆ ಹೇಳಿದೆ, ಕ್ಷಮಿಸಿ ಎಂದಳು. ಆಮೇಲೆ ಅವರ ಕೆಲಸದ ಮಾತಿನಲ್ಲೇ ಬಿಡಿಸಿ ಹೇಳಿದಳು. ಒಬ್ಬ ಹೋಟೆಲಿನವನು ತನ್ನ ಚೀಟಿ ತೋರಿಸಿ ಬಟ್ಟೆ ಒಳಗೆ ಕೊಡುತ್ತಾನೆ. ಬಿಲ್ಲು ಬರೆಯುವಾಗ ಮಾತ್ರ ಇದು ಆಸ್ಪತ್ರೆಯದು ಎನ್ನುತ್ತಾನೆ. ಬರೆಯುವವರು ಚೀಟಿ ನೋಡದೆ ಬಾಯಿಮಾತು ನಂಬಿ ಆಸ್ಪತ್ರೆಗೆ ಬಿಲ್ಲು ಹಾಕುತ್ತಾರೆ. ನಮ್ಮಲ್ಲಿ ಆದದ್ದೂ ಅದೇ ಎಂದಳು. ಪಾಸ್‌ವರ್ಡ್ ಬದಲಾದರೂ ಕರೆ ಹೋಗಿದ್ದು, ಬೀರುವಿನಲ್ಲಿದ್ದ ಫೋನಿನ ಹೆಸರಿನಲ್ಲಿ ಹೋಗಿದ್ದು, ಆ ಖಾತೆ ನಮ್ಮ ಕಚೇರಿ ದಾಟಿ ಕೆಲಸ ಮಾಡದ್ದು, ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಆ ನಂಬರಿನಲ್ಲಿ ಇರುವುದು ಯಾರು ಎಂಬುದನ್ನೂ ಹೇಳಿದಳು. ಒಬ್ಬಿಬ್ಬರು ನೆಲ ನೋಡತೊಡಗಿದರು.

“ಹಾಗಾದ್ರೆ ಮಾಡಿದ್ದು ಯಾರು?” ಎಂದರು ಯಜಮಾನಿ.

“ನಾನಮ್ಮ,” ಎಂದರು ಮೇಷ್ಟ್ರು.

ಅವರು ಒಂದು ಹೆಜ್ಜೆ ಮುಂದೆ ಬಂದರು.

“ನನಗೆ ನನ್ನ ಕೆಲಸ ಬರ್ತಿರಲಿಲ್ಲ. ಬರಲ್ಲ ಅಂತ ಹೇಳೋಕೆ ನಾಚಿಕೆ. ಅದಕ್ಕೆ ಕದ್ದು ಕಲಿತೆ. ಈ ಮಗುವಿನ ಮೇಲೆ ಮಾತು ಬಂತು ಅಂತ ಗೊತ್ತಾದ ಮೇಲೂ ಸುಮ್ಮನಿದ್ದೆ. ನನ್ನ ಮಾನ ಉಳೀಲಿ ಅಂತ ಇವಳದ್ದು ಹೋಗೋಕೆ ಬಿಟ್ಟೆ.”

ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದುಕೊಂಡಳು ಪತ್ತೇದಾರಮ್ಮ. ಸೊಸೆ ಅವರನ್ನು ನೋಡಿದಳು.

“ಇಲ್ಲಿಗೇ ಬಂದು ಹೇಳಿದ್ರಿ ಸಾರ್,” ಎಂದಳು. “ಇಲ್ಲಾಂದ್ರೆ ಯಾರೂ ನಂಬ್ತಿರಲಿಲ್ಲ.”

ಯಜಮಾನಿ ಹೋಗಿ ಅವಳ ಕುರ್ಚಿಯನ್ನು ಸೆರಗಿನಿಂದ ಒರೆಸಿದರು. ನಾಳೆಯಿಂದ ಬಾ, ಇಷ್ಟು ದಿನದ ಸಂಬಳವೂ ಕೊಡ್ತೀನಿ ಎಂದರು. ಸೊಸೆ ಆಗಲಿ ಎಂದು ತಲೆಯಾಡಿಸಿದಳು. ಅವಳ ಕಣ್ಣು ಹಜಾರದ ಕೊನೆಯಲ್ಲಿತ್ತು.

ಅತ್ತೆ ಇಸ್ತ್ರಿ ಮೇಜು ಬಿಟ್ಟು ಬರುತ್ತಿದ್ದರು. ಕೆಲಸದವರು ದಾರಿ ಬಿಟ್ಟರು. ಸೊಸೆಯ ಎದುರಿಗೆ ಬಂದು ನಿಂತರು. ಮನೆಗೆ ಹೋಗೋಣ ನಡಿ ಎಂದು ಅವಳ ಕೈ ಹಿಡಿದರು. ಸೊಸೆ ಕೈ ಕೊಸರಿಕೊಳ್ಳಲಿಲ್ಲ. ನಡೆಯಲೂ ಇಲ್ಲ.

“ಇವರು ಯಾರೋ ಗೊತ್ತಿಲ್ಲದೋರು ಅತ್ತೆ. ಬಂದು ಹೇಳಿದ ಕೂಡಲೇ ನಂಬಿದ್ರಿ,” ಎಂದಳು. “ನಾನು ಹೇಳಿದಾಗ ಯಾಕೆ ನಂಬಲಿಲ್ಲ?”

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ನನಗೆ ನಾಚಿಕೆಯಾಗ್ತಿದೆ ಕಣೆ.”

“ಆಗ್ಲಿ ಅತ್ತೆ,” ಎಂದಳು ಸೊಸೆ. “ನನಗೂ ಆಗಿತ್ತು.”

ಅವಳು ಕೈ ಬಿಡಿಸಿಕೊಂಡು, ತಾನೇ ಮುಂದಾಗಿ ಮನೆಯ ಕಡೆ ನಡೆದಳು. ಅತ್ತೆ ಹಿಂದೆ ಹೋದರು.